ಹೊಲದ ಅಂಚು ಬಿಡಿ: ಪೆಂತೆಕೊಸ್ತ್ ಹಬ್ಬಕ್ಕೆ ನಮ್ಮ ಯೂತ್ ಮಕ್ಕಳ ಜೊತೆ ಒಂದಿಷ್ಟು ಮಾತು

ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದದ್ದನ್ನ ನೆನೆಯೋ ಪೆಂತೆಕೊಸ್ತ್ ಹಬ್ಬ ಹತ್ರ ಬಂತು ಅಂದ್ರೆ ಸಭೆಗಳಲ್ಲಿ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ಓದೇ ಓದ್ತಾರೆ. ಬಿರುಗಾಳಿ ಬೀಸಿದಂಥ ಸದ್ದು, ಬೆಂಕಿಯಂಥ ನಾಲಿಗೆಗಳು, ಬೇರೆ ಬೇರೆ ಭಾಷೆ, ಪೇತ್ರನ ಪ್ರಸಂಗ, ಒಂದೇ ದಿನ ಸುಮಾರು 3000 ಜನ ಸಭೆಗೆ ಸೇರಿದ್ದು, ಎಲ್ಲಾ ಕೇಳ್ತಾ ಇದ್ರೆ ಮೈ ಜುಮ್ಮನ್ನುತ್ತೆ. ಆದ್ರೆ ಹಿಂದಿನ ಬೆಂಚಲ್ಲಿ ಕೂತಿರೋ ಹದಿನಾಲ್ಕು ಹದಿನೈದರ ಮಕ್ಕಳು ಇದನ್ನ ಕೇಳ್ತಾ ಏನ್ ಅಂದ್ಕೋತಾರೆ ಅಂತ ಯಾರೂ ವಿಚಾರಿಸಲ್ಲ. ವಿಚಾರಿಸಿ ನೋಡಿ, ಬರೋ ಉತ್ತರ ಹೆಚ್ಚುಕಮ್ಮಿ ಒಂದೇ: "ವರ ಗಿರ ಎಲ್ಲಾ ಪಾಸ್ಟರಿಗೆ, ಹಾಡೋರಿಗೆ, ನಂಗೇನೂ ಬರಲ್ಲ."

ಈ "ನಂಗೇನೂ ಬರಲ್ಲ" ಅನ್ನೋ ಮಾತಿನ ಜೊತೆ ನಂದೊಂದು ಸಣ್ಣ ಜಗಳ ಇದೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ಹಬ್ಬದ ವಿಷಯ. ಪವಿತ್ರಾತ್ಮ ಇಳಿದು ಬಂದಿದ್ದು ಸುಮ್ನೆ ಯಾವುದೋ ಒಂದು ದಿನ ಅಲ್ಲ. ಯೆಹೂದ್ಯರು ಅವತ್ತಿಗೆ ಆಗ್ಲೇ ಎಷ್ಟೋ ತಲೆಮಾರಿನಿಂದ ಆಚರಿಸ್ತಾ ಬಂದಿದ್ದ ಸುಗ್ಗಿ ಹಬ್ಬ ಅದು, ಪಸ್ಕ (ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನ ನೆನೆಯೋ ಹಬ್ಬ) ಆದ ನಂತರ ಏಳು ವಾರ ಎಣಿಸಿ ಐವತ್ತನೇ ದಿನಕ್ಕೆ ಬರೋದು, ಗೋಧಿ ಕೊಯ್ಲಿನ ಹೊತ್ತು. ಹೊಸ ಬೆಳೆಯ ಹಿಟ್ಟಲ್ಲಿ ಹುಳಿ ಸೇರಿಸಿ ಎರಡು ರೊಟ್ಟಿ ಸುಟ್ಟು ದೇವರ ಮುಂದೆ ತರಬೇಕು ಅಂತ ಯಾಜಕಕಾಂಡ 23ರಲ್ಲಿದೆ. ಅಲ್ಲಿ ಎಷ್ಟು ಕುರಿ, ಎಷ್ಟು ಹಿಟ್ಟು ಅಂತ ಲೆಕ್ಕ ಕೊಡ್ತಾ ಕೊಡ್ತಾ ಹಬ್ಬದ ವಿಧಿ ಮುಗಿದ ಕೂಡ್ಲೇ 22ನೇ ವಚನದಲ್ಲಿ ಮಾತು ಹೊಲದ ಕಡೆ ತಿರುಗಿಬಿಡುತ್ತೆ: ಪೈರು ಕೊಯ್ಯೋವಾಗ ಹೊಲದ ಅಂಚಿನವರೆಗೂ ಬೋಳಿಸಬೇಡಿ, ಬಿದ್ದ ತೆನೆ ಹಕ್ಕಲು ಆಯಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಬಿಡಿ. ಪೂಜೆ ಪದ್ಧತಿ ಹೇಳ್ತಾ ಇದ್ದವನು ಮಧ್ಯದಲ್ಲಿ ಇದನ್ನ ಯಾಕೆ ತಂದ ಅಂತ ಅನ್ಸುತ್ತೆ, ಆದ್ರೆ ದೇವರ ಪ್ರಕಾರ ಅದು ಮಧ್ಯದಲ್ಲಿ ಬಂದ ಮಾತೇ ಅಲ್ಲ ಕಾಣುತ್ತೆ. ರೊಟ್ಟಿ ತಂದು ದೇವರ ಮುಂದೆ ಇಟ್ರೆ ಹಬ್ಬ ಅರ್ಧ ಆಯ್ತು, ಅಂಚು ಬಿಟ್ರೆ ಮಿಕ್ಕ ಅರ್ಧ.

ಅಂಚು ಬಿಟ್ಟರೆ ಏನಾಗುತ್ತೆ ಅಂತ ನೋಡಬೇಕಿದ್ರೆ ರೂತಳ ಪುಸ್ತಕ ಓದಿ, ನಾಲ್ಕೇ ಅಧ್ಯಾಯ, ಒಂದು ಎಪಿಸೋಡ್ ನೋಡೋ ಟೈಮಲ್ಲಿ ಮುಗಿಯುತ್ತೆ. ಗಂಡ ತೀರ್ಕೊಂಡು ಅತ್ತೆ ಜೊತೆ ಪರದೇಶಕ್ಕೆ ಬಂದ ಹುಡುಗಿ ಬೋವಜನ ಹೊಲದಲ್ಲಿ ಹಕ್ಕಲು ಆಯ್ತಾಳೆ. ಬೋವಜ ನಿಯಮಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಆಳುಗಳಿಗೆ, ಕಟ್ಟಿನಿಂದ ಬೇಕಂತಲೇ ಒಂದಿಷ್ಟು ತೆನೆ ಎಳೆದು ಬೀಳಿಸಿ, ಅವಳು ಆಯ್ಕೊಳ್ಲಿ, ಗದರಿಸಬೇಡಿ ಅಂತ ಹೇಳ್ತಾನೆ. ಆ ರೂತಳ ಮರಿಮಗನೇ ದಾವೀದ. ತೆನೆ ಬೀಳಿಸಿದ ಆಳಿಗೆ ಇದೆಲ್ಲಾ ಹೇಗೆ ಗೊತ್ತಾಗ್ಬೇಕು ಹೇಳಿ, ಅವನು ಅವತ್ತು ಒಂದು ಹಿಡಿ ತೆನೆ ಕೈಬಿಟ್ಟ ಅಷ್ಟೇ.

ಈ ಹಬ್ಬದ ದಿನವೇ ಆತ್ಮನ ವರ ಬಂತು ಅನ್ನೋದನ್ನ ಇಟ್ಕೊಂಡು ಈಗ ನಿಮ್ಮ ಟ್ಯಾಲೆಂಟ್ ವಿಷಯಕ್ಕೆ ಬನ್ನಿ. 1 ಕೊರಿಂಥದವರಿಗೆ 12ರಲ್ಲಿ ಪೌಲ ವರಗಳ ಪಟ್ಟಿ ಕೊಡೋಕೂ ಮುಂಚೆ ಒಂದು ಮಾತು ಹೇಳ್ಬಿಡ್ತಾನೆ, ಒಬ್ಬೊಬ್ಬರಿಗೂ ಕೊಟ್ಟಿರೋದು ಎಲ್ಲರ ಪ್ರಯೋಜನಕ್ಕೆ ಅಂತ. ಪೇತ್ರ ಕೂಡ ತನ್ನ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ, ವರ ಸಿಕ್ಕಿದವರು ಅದರ ಮನೆವಾರ್ತೆಯವರು, ಅಂದ್ರೆ ಯಜಮಾನನ ಆಸ್ತಿ ನೋಡ್ಕೊಳ್ಳೋರು ಅಷ್ಟೇ ಅನ್ನೋ ಅರ್ಥದಲ್ಲಿ ಬರೀತಾನೆ. ಅಂದ್ರೆ ನಿಮಗೆ ಚೆನ್ನಾಗಿ ಚಿತ್ರ ಬರೆಯೋಕೆ ಬರುತ್ತೆ ಅಂದ್ರೆ ಆ ಹೊಲ ನೋಡ್ಕೊಳ್ಳೋಕೆ ನಿಮಗೆ ಕೊಟ್ಟಿದ್ದಾರೆ, ಅದರ ಅಂಚು ಇನ್ಯಾರದ್ದೋ.

ಆದ್ರೆ ನಮ್ಮ ಸಭೆಗಳದ್ದೂ ಒಂದು ತಪ್ಪಿದೆ, ಇದನ್ನ ಹೇಳದೆ ಮಕ್ಕಳಿಗೆ ಮಾತ್ರ ಬುದ್ಧಿ ಹೇಳೋದು ಸರಿ ಅಲ್ಲ. ಟ್ಯಾಲೆಂಟ್ ಅಂದ್ರೆ ಸ್ಟೇಜು, ಸ್ಟೇಜು ಅಂದ್ರೆ ಮೈಕು ಅಂತ ಮಾಡಿಟ್ಟಿದ್ದೀವಿ. ಗಿಟಾರ್ ಬಾರಿಸೋ ಹುಡುಗನ ಹೆಸರು ಎಲ್ಲರಿಗೂ ಗೊತ್ತು, ಆ ಗಿಟಾರಿನ ಕೇಬಲ್ ಸುತ್ತಿಡೋ ಹುಡುಗ ಯಾರು ಅಂತ ಕೇಳಿದ್ರೆ ತಲೆ ಕೆರ್ಕೋತೀವಿ. ಹಿಂಗಿರೋವಾಗ ಹಾಡೋಕೆ ಬರದ ಮಗು "ನಂಗೇನೂ ಬರಲ್ಲ" ಅನ್ನದೆ ಇನ್ನೇನು ಅನ್ನುತ್ತೆ?

ಇದಕ್ಕೆ ಬೈಬಲಲ್ಲೇ ಒಬ್ಬ ಮನುಷ್ಯ ಇದಾನೆ, ಹೆಸರು ಬೆಚಲೇಲ್, ಯೂತ್ ಮೀಟಿಂಗಲ್ಲಿ ಇವನ ಬಗ್ಗೆ ಮಾತಾಡೋದು ಕಮ್ಮಿ. ವಿಮೋಚನಕಾಂಡ 31 ಮತ್ತು 35 ತೆಗೆದು ನೋಡಿ. ದೇವರು ಇವನನ್ನ ಹೆಸರಿಡಿದು ಕರೆದು ತನ್ನ ಆತ್ಮದಿಂದ ತುಂಬಿಸ್ತಾನೆ. ಯಾತಕ್ಕೆ ತುಂಬಿಸಿದ್ದು? ಪ್ರಸಂಗ ಮಾಡೋಕಲ್ಲ, ಪ್ರವಾದನೆಗೂ ಅಲ್ಲ, ಚಿನ್ನ ಬೆಳ್ಳಿ ತಾಮ್ರದ ಕೆಲಸಕ್ಕೆ, ರತ್ನ ಕೂರಿಸೋಕೆ, ಮರ ಕೆತ್ತೋಕೆ! ಒಬ್ಬ ವ್ಯಕ್ತಿ ದೇವರ ಆತ್ಮದಿಂದ ತುಂಬಿದವನಾದ ಅಂತ ಬೈಬಲ್ ಮೊದಲು ಬಾಯಿಬಿಟ್ಟು ಹೇಳೋದೇ ಈ ಕುಶಲಕರ್ಮಿ ಬಗ್ಗೆ. ಜೊತೆಗೆ ಒಹೊಲೀಯಾಬ್ ಅಂತ ಇನ್ನೊಬ್ಬ, ಕಸೂತಿ ನೇಯ್ಗೆ ಗೊತ್ತಿದ್ದವನು. ಕೈಯಲ್ಲಿ ಕಲೆ ಇದ್ದ ಹೆಂಗಸರು ಮೇಕೆ ಕೂದಲಲ್ಲಿ ನೂಲು ತೆಗೆದರು ಅಂತ ಅದನ್ನೂ ಬಿಡದೆ ಬರೆದಿದ್ದಾರೆ. ಇಸ್ರಾಯೇಲ್ಯರು ಅರಣ್ಯದಲ್ಲಿ ದೇವರನ್ನ ಆರಾಧಿಸ್ತಿದ್ದ ದೇವದರ್ಶನದ ಗುಡಾರ ಎದ್ದು ನಿಂತಿದ್ದು ಹೀಗೆ.

ನಂಗೆ ತುಂಬಾ ಇಷ್ಟವಾಗೋದು 35:34. ಬೇರೆಯವರಿಗೆ ಕಲಿಸಿಕೊಡೋ ಮನಸ್ಸನ್ನೂ ದೇವರು ಇವರಿಬ್ಬರಿಗೆ ಕೊಟ್ಟ ಅಂತ ಇದೆ ಅಲ್ಲಿ. ಕೆಲಸ ಬರೋದು ಒಂದು ವರ, ಬರೋ ಕೆಲಸನ ಪಕ್ಕದವನಿಗೆ ಕಲಿಸೋ ಮನಸ್ಸಿದೆಯಲ್ಲ ಅದು ಇನ್ನೊಂದು, ಮತ್ತೆ ಎರಡನೇದು ಮೊದಲನೇದಕ್ಕಿಂತ ಕಷ್ಟ. ಯಾಕಂದ್ರೆ ಒಳಗೊಂದು ಭಯ ಇರುತ್ತೆ: ನಾನು ಇವನಿಗೆ ಕೀಬೋರ್ಡ್ ಹೇಳ್ಕೊಟ್ರೆ ನಾಳೆ ಇವನೇ ನನಗಿಂತ ಚೆನ್ನಾಗಿ ಬಾರಿಸಿ ನನ್ನ ಜಾಗ ಹೊಡ್ಕೊಂಡ್ರೆ? ಈ ಭಯ ದೊಡ್ಡವರಿಗೂ ಇದೆ, ಕ್ವಯರ್ ಮಾಸ್ಟರ್‌ಗಳಿಗಂತೂ ಜಾಸ್ತಿನೇ ಇದೆ (ಯಾರೂ ಬೇಜಾರು ಮಾಡ್ಕೋಬೇಡಿ). ಬೆಚಲೇಲ್ ಹಂಗೆ ಅಂದ್ಕೊಂಡಿದ್ರೆ ಗುಡಾರ ಮುಗೀತಾನೇ ಇರ್ಲಿಲ್ಲ.

ಸಣ್ಣದೊಂದು ನೋಡಿದ್ದನ್ನ ಹೇಳ್ತೀನಿ. ಆರಾಧನೆ ಮುಗಿದು ಎಲ್ಲರೂ ಹೊರಗೆ ಹರಟೆ ಹೊಡೀತಿದ್ರು, ಒಳಗೆ ಬೆಂಚಲ್ಲಿ ಒಬ್ಬ ಹುಡುಗಿ ಅಜ್ಜಿಯೊಬ್ಬರ ಪಕ್ಕ ಕೂತು ಫೋನಿನ ಬೈಬಲ್ ಆಪಲ್ಲಿ ಅಕ್ಷರ ದೊಡ್ಡದು ಮಾಡೋದು ತೋರಿಸ್ತಿದ್ಲು. ಅಜ್ಜಿ ಏನೋ ಒತ್ತಿದ್ರು, ಇನ್ಯಾರಿಗೋ ಕಾಲ್ ಹೋಯ್ತು, ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನಾನು ಗಮನಿಸಿದ್ದು ಏನಂದ್ರೆ ಆ ಹುಡುಗಿ ಒಂದ್ಸಲಾನೂ ಫೋನ್ ಕಿತ್ಕೊಂಡು "ಕೊಡಿ ಅಜ್ಜಿ ನಾನೇ ಮಾಡ್ತೀನಿ" ಅನ್ಲಿಲ್ಲ, ಅಜ್ಜಿ ಬೆರಳಲ್ಲೇ ಮತ್ತೆ ಮತ್ತೆ ಮಾಡಿಸಿದ್ಲು, ಆಡಿಯೋ ಹಾಕೋದು ಎಲ್ಲಿ, ನಿಲ್ಲಿಸೋದು ಎಲ್ಲಿ, ನಾಳೆ ಮನೇಲಿ ಒಬ್ಬರೇ ಇರೋವಾಗ ಮರೆತು ಹೋದ್ರೆ ಎಲ್ಲಿಂದ ಶುರು ಮಾಡ್ಬೇಕು. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ, ಆ ಹುಡುಗಿನ ಕೇಳಿದ್ರೆ ಅವಳೂ "ನಂಗೇನೂ ಬರಲ್ಲ" ಗುಂಪೇ. ನನ್ನ ಕೇಳಿದ್ರೆ ಅವತ್ತಿನ ಆರಾಧನೆಯಲ್ಲಿ ಬಹಳ ಒಳ್ಳೆ ಭಾಗ ಅದೇ.

ಈಗ ತಲಾಂತಿನ ಸಾಮ್ಯ, ಮತ್ತಾಯ 25: ಯಜಮಾನ ಊರು ಬಿಟ್ಟು ಹೋಗೋವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಕೊಟ್ಟ, ಇಬ್ಬರು ಅದನ್ನ ದುಡಿಸಿದ್ರು, ಒಂದು ಸಿಕ್ಕವನು ಮಣ್ಣಲ್ಲಿ ಹೂತಿಟ್ಟ. ಇದನ್ನ ಸಂಡೇ ಸ್ಕೂಲಲ್ಲಿ ಎಷ್ಟು ಸಲ ಕೇಳಿರ್ತೀರ ಅಂದ್ರೆ ಕಿವಿ ತೂತು ಬಿದ್ದಿರುತ್ತೆ, ಹಾಗಾಗಿ ಒಂದೇ ವಿಷಯ ಹೇಳಿ ಮುಂದೆ ಹೋಗ್ತೀನಿ. ಒಂದು ತಲಾಂತು ಸಿಕ್ಕವನನ್ನ ನಾವು ಪಾಪ ಏನೂ ಇಲ್ಲದವನು ಅನ್ನೋ ಹಾಗೆ ನೋಡ್ತೀವಲ್ಲ, ಆಗಿನ ಕಾಲದಲ್ಲಿ ಒಂದು ತಲಾಂತು ಅಂದ್ರೆ ಸುಮಾರು 6000 ದಿನಾರಿ, ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ದುಡಿಮೆ. ಹತ್ರ ಹತ್ರ ಇಪ್ಪತ್ತು ವರ್ಷದ ಸಂಬಳ ಒಟ್ಟಿಗೆ! ಅವನ ಕೈಲಿದ್ದದ್ದು ಚಿಲ್ಲರೆ ಅಲ್ಲ. ಪಕ್ಕದವನ ಐದು ನೋಡಿ ತನ್ನ ಒಂದು ಚಿಲ್ಲರೆ ಥರ ಕಂಡಿತೋ ಏನೋ, ಅವನು ಹೇಳೋದಂತೂ "ನಾನು ಹೆದರಿಕೊಂಡೆ" ಅಂತ. ನಿಮ್ಮ ಫೋನಲ್ಲಿ ದಿನಾ ರೀಲ್ಸ್ ಒಳಗೆ ಐದು ತಲಾಂತಿನವರೇ ಬರೋದು, ಹದಿಮೂರು ವರ್ಷಕ್ಕೇ ಡ್ರಮ್ಸ್ ಚಚ್ಚಿ ಬಿಸಾಕೋರು, ನೋಡ್ತಾ ನೋಡ್ತಾ ಕೈಲಿರೋದನ್ನ ಮಣ್ಣಲ್ಲಿ ಹೂಣಬೇಕು ಅನ್ಸೋದು ಸಹಜ. ಅವನು ಕದ್ದಿರಲಿಲ್ಲ ಕಣ್ರೋ, ಪೂರ್ತಿ ವಾಪಸ್ ಕೊಟ್ಟ. ಯಜಮಾನನಿಗೆ ಬೇಜಾರಾಗಿದ್ದು ಅದು ಯಾರ ಕೈಗೂ ಹೋಗದೆ ಹಾಗೇ ಬಿದ್ದಿತ್ತು ಅನ್ನೋದಕ್ಕೆ.

ಇನ್ನೊಂದು ಕಡೆನೂ ನೋಡ್ಬೇಕು, ಇದನ್ನ ಯಾರೂ ಮಕ್ಕಳಿಗೆ ಹೇಳಲ್ಲ. ದೇವರು ಅಂಚು ಬಿಡಿ ಅಂದ, ಇಡೀ ಹೊಲ ಬಿಡಿ ಅನ್ಲಿಲ್ಲ. ಸ್ವಲ್ಪ ಎಡಿಟಿಂಗ್ ಬರುತ್ತೆ ಅಂತ ಗೊತ್ತಾದ್ರೆ ಸಾಕು, ಸಭೆಯಲ್ಲಿ ಪೋಸ್ಟರ್ ಅದೇ ಹುಡುಗ, ವಿಡಿಯೋ ಅದೇ ಹುಡುಗ, ಲೈವ್ ಅದೇ ಹುಡುಗ, ಎಕ್ಸಾಮ್ ಇದ್ರೂ ಅವನೇ, ಹುಷಾರಿಲ್ಲದಿದ್ರೂ ಅವನೇ, ಒಂದು ವಾರ ಆಗಲ್ಲ ಅಂದ್ರೆ "ದೇವರ ಕೆಲಸಕ್ಕೆ ಆಗಲ್ಲ ಅಂತೀಯಾ" ಅಂತ ಮುಖ ನೋಡ್ತಾರೆ. ಹಂಗೆ ಕೇಳೋದು ತಪ್ಪು. ಓದೋದು, ನಿದ್ದೆ, ಅಪ್ಪ ಅಮ್ಮನ ಜೊತೆ ಕೂರೋದು, ಇದೆಲ್ಲಾ ನಿಮ್ಮ ಹೊಲದ ನಡುಭಾಗ, ಅದನ್ನ ನೀವು ಕೊಯ್ಕೊಂಡೇ ತಿನ್ನಬೇಕು. ದಾವೀದ ರಾಜ ಸೌಲನ ಮುಂದೆ ಕಿನ್ನರಿ ಬಾರಿಸಿ ಅವನ ಮನಸ್ಸಿಗೆ ನೆಮ್ಮದಿ ಕೊಟ್ಟ, ನಿಜ, ಆದ್ರೆ ಅದೇ ಸೌಲ ಈಟಿ ಎಸೆದಾಗ ಪಕ್ಕಕ್ಕೆ ತಪ್ಪಿಸ್ಕೊಂಡ, ಆಮೇಲೆ ಓಡಿಯೂ ಹೋದ, ಅದಕ್ಕೆ ಯಾರೂ ಅವನನ್ನ ಸ್ವಾರ್ಥಿ ಅನ್ನಲ್ಲ. ಉದಾರವಾಗಿರಿ, ಆದ್ರೆ ಯಾರಾದ್ರೂ ನಿಮ್ಮನ್ನ ಹಿಂಡ್ತಿದ್ರೆ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ.

ಹಾಗಾದ್ರೆ ಅಂಚು ಅಂದ್ರೆ ಎಷ್ಟು? ಯಾಜಕಕಾಂಡದಲ್ಲಿ ಅಳತೆ ಕೊಟ್ಟಿಲ್ಲ, ನಿಮ್ಮ ಮನಸ್ಸಿಗೇ ಬಿಟ್ಟಿದ್ದು. ಗಣಿತ ಚೆನ್ನಾಗಿ ಬರುತ್ತೆ ಅಂದ್ರೆ ಎಕ್ಸಾಮ್ ಹತ್ರ ಬಂದಾಗ ಅದೇ ಪಾಠಕ್ಕೆ ಒದ್ದಾಡ್ತಿರೋ ಒಬ್ಬ ತಮ್ಮನಿಗೆ ಒಂದು ಗಂಟೆ. ಅಕ್ಷರ ಚೆಂದ ಇದ್ರೆ ಸಂಡೇ ಸ್ಕೂಲಿನ ಬೋರ್ಡಿಗೆ ವಾರದ ವಚನ. ಜೋಕ್ ಹೊಡೆಯೋಕೆ ಬರುತ್ತಾ, ಹೊಸದಾಗಿ ಬಂದು ಮೂಲೇಲಿ ಒಬ್ಬನೇ ಕೂತಿರ್ತಾನಲ್ಲ ಅವನ ಪಕ್ಕ ಹೋಗಿ ಕೂತ್ಕೊಳ್ಳಿ, ಅದೂ ವರನೇ. ಯೊಪ್ಪದ ತಬಿಥಾ ತೀರ್ಕೊಂಡಾಗ ವಿಧವೆಯರು ಅಳ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನ, ಅವಳು ಪ್ರಸಂಗ ಮಾಡಿದ್ಲು ಅಂತ ಎಲ್ಲೂ ಬರೆದಿಲ್ಲ.

ಕೊನೆಗೆ ದೊಡ್ಡವರಿಗೂ ಒಂದು. ಅಪೊಸ್ತಲರ ಕೃತ್ಯಗಳು 23ರಲ್ಲಿ ಪೌಲನ ಸೋದರಳಿಯ ಬರ್ತಾನೆ, ಹೆಸರು ಕೂಡ ಕೊಟ್ಟಿಲ್ಲ, ಯೌವನಸ್ಥ ಅಂತಷ್ಟೇ ಇದೆ. ನಲವತ್ತಕ್ಕೂ ಹೆಚ್ಚು ಜನ ಪೌಲನನ್ನ ಕೊಲ್ಲೋವರೆಗೂ ಊಟ ಮುಟ್ಟಲ್ಲ ಅಂತ ಆಣೆ ಇಟ್ಕೊಂಡು ಹೊಂಚು ಹಾಕಿರೋದು ಇವನ ಕಿವಿಗೆ ಬಿತ್ತು. ಅವನ ಹತ್ರ ಇದ್ದದ್ದು ಕಿವಿ ಮತ್ತೆ ಒಂದಿಷ್ಟು ಧೈರ್ಯ, ಅಷ್ಟೇ. ನೇರ ಪೌಲನನ್ನ ಸೆರೆ ಇಟ್ಟಿದ್ದ ಕೋಟೆ ಒಳಗೆ ಹೋಗಿ ಪೌಲನಿಗೆ ಹೇಳಿದ, ಅಲ್ಲಿಂದ ಹುಡುಗನನ್ನ ಸಹಸ್ರಾಧಿಪತಿ ಹತ್ರ ಕರ್ಕೊಂಡು ಹೋದ್ರು. ಆ ರೋಮ್ ಸೈನ್ಯದ ಅಧಿಕಾರಿ ಏನ್ ಮಾಡಿದ ನೋಡಿ, "ನೀನು ಚಿಕ್ಕವನು ಸುಮ್ನಿರು" ಅನ್ಲಿಲ್ಲ, ಹುಡುಗನ ಕೈ ಹಿಡಿದು ಒಂದು ಕಡೆ ಕರ್ಕೊಂಡು ಹೋಗಿ ಏನು ಹೇಳ್ಬೇಕು ಅಂತಿದೀಯ ಅಂತ ಕೇಳಿದ. ಅವತ್ತು ರಾತ್ರಿನೇ 200 ಸಿಪಾಯಿಗಳು, 70 ಕುದುರೆ ಸವಾರರು, 200 ಈಟಿಯವರು ಕಾವಲಿಗೆ ಹೊರಟು ಪೌಲ ಜೀವಸಹಿತ ಊರು ದಾಟಿದ.

ಹಬ್ಬದ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಪಾಸ್ಟರ್ ಹತ್ರಾನೋ ಸಂಡೇ ಸ್ಕೂಲ್ ಟೀಚರ್ ಹತ್ರಾನೋ ಹೋಗಿ, ನಂಗೆ ಇಂಥದ್ದು ಬರುತ್ತೆ, ವಾರಕ್ಕೆ ಇಷ್ಟು ಹೊತ್ತು ಕೊಡಬಲ್ಲೆ ಅಂತ ಹೇಳಿ ನೋಡಿ. ಆಮೇಲೆ ನೋಡೋಣ ಕಣಪ್ಪ ಅಂತ ಅವರು ತಲೆ ಸವರಿ ಕಳಿಸಿದ್ರೆ ಮುಂದಿನ ವಾರ ಮತ್ತೆ ಹೋಗಿ.