ಮನೆಯಿಂದ ಓಡಾಡಿ ಓದುವವರಿಗೆ: ಬಿಡುವಿನ ಗಂಟೆಗಳ ಲೆಕ್ಕ

ಹಾಸ್ಟೆಲ್ ಇಲ್ಲದ, ಎಲ್ಲರೂ ದಿನಾ ಮನೆಯಿಂದಲೇ ಬಂದು ಹೋಗುವ ಸಣ್ಣ ಕಾಲೇಜಿನಲ್ಲಿ ಓದಿಗೆ ಕುತ್ತು ತರುವುದು ಪ್ರಯಾಣ ಅಂತ ಬಹಳ ಜನ ದೂರುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಸೋರಿಹೋಗುವುದು ಕ್ಲಾಸುಗಳ ನಡುವಿನ ಬಿಡುವಿನಲ್ಲಿ. 10ಕ್ಕೆ ಒಂದು ಕ್ಲಾಸು, 12ಕ್ಕೆ ಇನ್ನೊಂದು, 3ಕ್ಕೆ ಲ್ಯಾಬ್ ಅಂದರೆ ನಡುವೆ 3 ಗಂಟೆ ಖಾಲಿ. ಊಟ, ಹರಟೆಗೆ ಒಂದು ಗಂಟೆ ತೆಗೆದಿಟ್ಟರೂ 2 ಉಳಿಯುತ್ತದೆ. ವಾರದಲ್ಲಿ 4 ದಿನ ಹೀಗಿದ್ದರೆ 8 ಗಂಟೆ. "ಮನೆಗೆ ಹೋಗಿ ಓದಿದರಾಯ್ತು" ಅಂತ ಇದನ್ನು ಬಿಟ್ಟುಕೊಟ್ಟರೆ, ಸಂಜೆ ದಣಿದ ಮೈಯಲ್ಲಿ, ಮನೆಗೆಲಸದ ನಡುವೆ ಅಷ್ಟು ಹೊತ್ತು ಮತ್ತೆ ಹುಟ್ಟುವುದಿಲ್ಲ.

ಬಿಡುವಿನ ಮೊದಲ 15 ನಿಮಿಷಕ್ಕೆ ಬೆಲೆ ಜಾಸ್ತಿ. ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದ ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಅರ್ಥವಾದ ಪಾಠ ಅಷ್ಟು ಬೇಗ ಅಳಿಸಿಹೋಗುವುದಿಲ್ಲ, ನಿಜ. ಆದರೆ ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ ಅನ್ನುವುದು ಪಾಠಕ್ಕೂ ಹೊಂದುತ್ತದೆ.

ಹಾಗಾಗಿ ಕ್ಲಾಸು ಮುಗಿದ ತಕ್ಷಣ ನೋಟ್ಸ್ ಮುಚ್ಚಿಡಿ. ಒಂದು ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು 10 ನಿಮಿಷ ಬರೆಯಿರಿ. ಆಮೇಲೆ ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ. ಸಂಖ್ಯಾಶಾಸ್ತ್ರದ ಕ್ಲಾಸು ಅಂತಿಟ್ಟುಕೊಳ್ಳಿ: ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್ ಸೂತ್ರ ಬರೆಯುತ್ತಾ ಹೋಗಿ ಛೇದದಲ್ಲಿ ಕೈ ನಿಲ್ಲುತ್ತದೆ. ಅಲ್ಲಿ ಎನ್ (ಅಂಕಿಗಳ ಒಟ್ಟು ಸಂಖ್ಯೆ) ಬರಬೇಕೋ, ಎನ್ ಮೈನಸ್ 1 ಬರಬೇಕೋ? ಇಡೀ ಸಮೂಹದ ಅಂಕಿ ಕೈಯಲ್ಲಿದ್ದರೆ ಎನ್. ಒಂದು ಮಾದರಿಯಿಂದ ಸಮೂಹದ ಅಂದಾಜು ಮಾಡುವಾಗ ಎನ್ ಮೈನಸ್ 1. ಬೋರ್ಡ್ ನೋಡುತ್ತಾ ಬರೆದುಕೊಂಡಾಗ ಈ ಅನುಮಾನ ಏಳುವುದೇ ಇಲ್ಲ. ನೋಟ್ಸ್ ಮತ್ತೆ ಮತ್ತೆ ಓದಿದರೂ ಏಳುವುದಿಲ್ಲ, ಕಣ್ಣಿಗೆ ಪರಿಚಯವಾದದ್ದೆಲ್ಲ ಬರುತ್ತದೆ ಅನ್ನಿಸಿಬಿಡುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು; ವಾರದ ನಂತರ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಆಮೇಲೆ ಉಳಿಯದಿರುವುದು ಇದರಿಂದಲೇ ಅರ್ಥವಾಗುತ್ತದೆ.

ಬಸ್ಸಿನಲ್ಲಿ ಪುಸ್ತಕ ತೆರೆಯುವ ಹಟ ಎಲ್ಲರಿಗೂ ಒಗ್ಗುವುದಿಲ್ಲ. ಒಳಕಿವಿಗೆ ಚಲನೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವ ಪುಟ ಮಾತ್ರ ನಿಂತಲ್ಲೇ ಇರುತ್ತದೆ. ಈ ತಿಕ್ಕಾಟಕ್ಕೇ ತಲೆ ಸುತ್ತಿ ಹೊಟ್ಟೆ ತೊಳಸುವುದು. ಅಂಥವರು ಕಿವಿಯಿಂದ ಓದಬೇಕು. ಫೋನಿನಲ್ಲಿ ನಿಮ್ಮದೇ ದನಿಯಲ್ಲಿ ಒಂದು ಪ್ರಶ್ನೆ ಹೇಳಿ, 10 ಸೆಕೆಂಡ್ ಸುಮ್ಮನಿದ್ದು, ಆಮೇಲೆ ಉತ್ತರ ಹೇಳಿ ರೆಕಾರ್ಡ್ ಮಾಡಿ. ಇಂಥ 20 ಪ್ರಶ್ನೆ ಒಂದು ಪ್ರಯಾಣಕ್ಕೆ ಧಾರಾಳ. ನಡುವಿನ ಆ ಮೌನವನ್ನು ಬಿಡಬೇಡಿ. ಅದಿಲ್ಲದಿದ್ದರೆ ಉತ್ತರ ಕಿವಿಗೆ ಬೀಳುತ್ತದಷ್ಟೇ, ನೆನಪಿಸಿಕೊಳ್ಳುವ ಕೆಲಸ ನಡೆಯುವುದಿಲ್ಲ. ಗಾಡಿ ತಾವೇ ಓಡಿಸುವವರು ಇದರ ಗೋಜಿಗೇ ಹೋಗಬಾರದು.

ವಿಷಯ ಆರಿಸುವಾಗ ಪ್ರಯಾಣ ಉಳಿಸಲೆಂದು ಎಲ್ಲ ಕ್ಲಾಸನ್ನೂ 2 ದಿನಕ್ಕೆ ತುರುಕುವವರಿದ್ದಾರೆ. ಕೆಲಸ ಮಾಡುತ್ತಾ ಓದುವವರಿಗೆ ಬೇರೆ ದಾರಿ ಇರುವುದಿಲ್ಲ, ಒಪ್ಪುತ್ತೇನೆ. ಉಳಿದವರು ಯೋಚಿಸಲಿ: ಒಂದೇ ದಿನ ಜ್ವರ ಬಂದರೂ ವಾರದ ಅರ್ಧ ಪಾಠ ತಪ್ಪುತ್ತದೆ, ಟೆಸ್ಟುಗಳೆಲ್ಲ ಒಂದೇ ದಿನಕ್ಕೆ ಬಂದು ಕೂರುತ್ತವೆ, ಸತತ ನಾಲ್ಕನೇ ಕ್ಲಾಸಿನಲ್ಲಿ ತಲೆಗೆ ಏನೂ ಹತ್ತುವುದಿಲ್ಲ. 3 ದಿನಕ್ಕೆ ಹರಡಿದರೆ ಓಡಾಟವೂ ಹಿಡಿತದಲ್ಲಿರುತ್ತದೆ, ಓದೂ ಸಾಗುತ್ತದೆ.

ಗುಂಪು ಪ್ರಾಜೆಕ್ಟಿಗೆ ಸಂಜೆ ಸೇರೋಣ ಅಂದರೆ ಯಾರೂ ಇರುವುದಿಲ್ಲ. ಎಲ್ಲರೂ ಒಟ್ಟಿಗಿರುವ ಕ್ಲಾಸು ಮುಗಿದ ಕೂಡಲೇ, ಅದೇ ಕೋಣೆಯ ಹೊರಗೆ 15 ನಿಮಿಷ ನಿಗದಿ ಮಾಡಿಕೊಳ್ಳಿ.

ಸಣ್ಣ ಕಾಲೇಜಿನ ದೊಡ್ಡ ಅನುಕೂಲ ಅಂದರೆ ಕೈಗೆ ಸಿಗುವ ಮೇಷ್ಟ್ರು. ಹೋಗುವಾಗ "ಈ ಪಾಠವೇ ಅರ್ಥವಾಗಿಲ್ಲ" ಅನ್ನಬೇಡಿ. ಬಿಡಿಸಲು ಯತ್ನಿಸಿದ ಲೆಕ್ಕವನ್ನು ಒಯ್ದು, ನಿಂತುಹೋದ ಸಾಲಿನ ಮೇಲೆ ಬೆರಳಿಡಿ. 5 ನಿಮಿಷದಲ್ಲಿ ಬಗೆಹರಿಯುವುದು ಅಂಥ ಪ್ರಶ್ನೆ.

ಅನಾನುಕೂಲವೂ ಸಣ್ಣದಲ್ಲ. ಅಧ್ಯಾಪಕರು ಕಡಿಮೆ ಇರುವಲ್ಲಿ ಕೆಲವು ವಿಷಯಗಳನ್ನು ವರ್ಷಕ್ಕೊಮ್ಮೆ ಮಾತ್ರ ಕಲಿಸುತ್ತಾರೆ. ಅದು ಮುಂದಿನ ವಿಷಯಕ್ಕೆ ಪೂರ್ವಾರ್ಹತೆಯಾಗಿದ್ದರೆ, ಒಂದು ಸಲ ತಪ್ಪಿದರೆ ಪದವಿಯೇ ಒಂದು ವರ್ಷ ಹಿಂದೆ ಬೀಳಬಹುದು. ಮೊದಲ ಸೆಮಿಸ್ಟರಿನಲ್ಲೇ ಒಂದು ಹಾಳೆ ತೆಗೆದುಕೊಂಡು ಕೊನೆಯ ಸೆಮಿಸ್ಟರಿನಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ. ಪ್ರತಿ ವಿಷಯದ ಪಕ್ಕದಲ್ಲಿ ಅದಕ್ಕೆ ಮುಂಚೆ ಏನು ಪಾಸಾಗಿರಬೇಕು, ಅದು ಯಾವ ಸೆಮಿಸ್ಟರಿನಲ್ಲಿ ಸಿಗುತ್ತದೆ ಅಂತ ಗುರುತು ಹಾಕಿ. ಆ ಹಾಳೆಯನ್ನು ವಿಭಾಗದ ಮುಖ್ಯಸ್ಥರಿಗೆ ತೋರಿಸಿ, ಮುಂದಿನ ವರ್ಷ ಯಾವ ವಿಷಯ ಕಲಿಸದೇ ಇರಬಹುದು ಅಂತ ನೇರವಾಗಿ ಕೇಳಿ.