ಯೂರಿಯಾ ಗಾಳಿಪಾಲು

ಇವತ್ತ ಕುಂದಗೋಳ ರಸ್ತೆ ಬಾಜೂಕ ನೇಪಿಯರ್ ಅನ್ನೂ ಮೇವಿನ ಹುಲ್ಲಿಗೆ ಮಟಮಟ ಮಧ್ಯಾಹ್ನ ಯೂರಿಯಾ ಉಗ್ಗಾಕತ್ತಿದ್ರು. ನೆಲ ಹಸಿ, ಮಳಿ ಇಲ್ಲ.

45 ಕೆಜಿ ಚೀಲದಾಗ ಸಾರಜನಕ ಇರೂದ ಸುಮಾರು 20.7 ಕೆಜಿ. ಎರಿ ಭೂಮಿ ಮೊದ್ಲ ಕ್ಷಾರ. ಮ್ಯಾಲೆ ಬಿದ್ದ ಕಾಳು ಕರಗಿ, ಅದರಾಗಿನ ಸಾರಜನಕ ಅಮೋನಿಯಾ ಅನಿಲ ಆಗಿ ಹಾರತೈತಿ. ಸಾಲಿನಾಗ ಎರಡು ಇಂಚು ಕೆಳಗ ಹಾಕಿ ಮಣ್ಣು ಮುಚ್ಚಬೇಕು, ಇಲ್ಲಾ ಕೂಡ್ಲೆ ನೀರು ಹಾಯಿಸಬೇಕು. ಹಂಗಂತ ನೀರು ನಿಂತ್ರ ನೈಟ್ರಸ್ ಆಕ್ಸೈಡ್ ಅನ್ನೂ ಅನಿಲ ಏಳತೈತಿ. ನೂರು ವರ್ಷದ ಲೆಕ್ಕದಾಗ ಅದು ಭೂಮಿ ಕಾಯಿಸೂದು ಅಷ್ಟ ತೂಕದ ಇಂಗಾಲದ ಡೈಆಕ್ಸೈಡಿನ 273 ಪಟ್ಟು.

ಚೀಲ 266.50 ರೂಪಾಯಿ, ಅದಕ್ಕ ಕೈ ಸಡ್ಲ. ಚೀಲದ ಖರೇ ಖರ್ಚಿನಾಗ ಉಳಿದ ರೊಕ್ಕ ಸರ್ಕಾರದ್ದು, ಅಂದ್ರ ನಮ್ದ!

ಮತ್ತ, ಯೂರಿಯಾ ಹಾಕಿದ ವಾರದಾಗ ಹುಲ್ಲು ಕೊಯ್ದು ಎಮ್ಮಿಗೆ ಹಾಕಬ್ಯಾಡ್ರಿ, ದನಕ್ಕ ವಿಷ ಆಗೂ ನೈಟ್ರೇಟ್ ಅದರಾಗ ಕೂಡಿರತೈತಿ. ಮಳಿ ಇಲ್ದ ಬಾಡಿದ ಜೋಳದ ಮೇವಿನಾಗಂತೂ ಇನ್ನೂ ಹೆಚ್ಚು.