ಹಾಡುಗಾರ್ತಿಯನ್ನೇ ನುಂಗಿದ ಕೇಬಲ್

ನವೆಂಬರ್ ಬಂತು ಅಂದ್ರೆ ಮುಂಬಯಿಯ ಸೌಂಡಿನವರಿಗೆ ನಿದ್ದೆ ಇಲ್ಲ. ಎಲ್ಲಿ ನಾಲ್ಕು ಕನ್ನಡದ ಮನೆಗಳಿವೆಯೋ ಅಲ್ಲಿ ರಾಜ್ಯೋತ್ಸವ. ಆ ಸಲ ನಮ್ಮ ಸೇಠ್‌ಜಿ ಒಂದೇ ಸಂಜೆಗೆ ಎರಡು ಆರ್ಡರ್ ಹಿಡಿದರು. ಒಂದು ಠಾಣೆ ಊರಿನಲ್ಲಿ, ಒಂದು ಡೊಂಬಿವಲಿಯಲ್ಲಿ. ಫೋನಿನಂಥವುಗಳ ಸದ್ದನ್ನು ಮೈಕ್ ಇನ್‌ಪುಟ್ಟಿಗೆ ಹೊಂದಿಸಿ ಕೊಡುವ ಪೆಟ್ಟಿಗೆ, ಇದ್ದೊಂದು ಸ್ಟೀರಿಯೊ ಡಿಐ ಬಾಕ್ಸ್, ಠಾಣೆಯ ಟೆಂಪೋ ಹತ್ತಿತು. ಡೊಂಬಿವಲಿಗೆ ಹೊರಟ ನನಗೆ ಸಿಕ್ಕಿದ್ದು ಲ್ಯಾಮಿಂಗ್ಟನ್ ರೋಡಿನಿಂದ ತಂದ ಹೊಸ ಕೇಬಲ್. ಒಂದು ತುದಿಗೆ ಹೆಡ್‌ಫೋನಿನ 3.5 ಎಂಎಂ ಪಿನ್, ಇನ್ನೊಂದಕ್ಕೆ ಎಕ್ಸ್‌ಎಲ್‌ಆರ್, ಅಂದರೆ ಮೈಕಿನ ಮೂರು ಪಿನ್ನಿನ ಪ್ಲಗ್.

"ಡೈರೆಕ್ಟ್ ಲಗಾ ದೋ, ಬಾಕ್ಸ್ ಕಾಯ್ಕೋ ಚಾಹಿಯೇ?" ಅಂದರು ಸೇಠ್‌ಜಿ, ನೇರ ಹಾಕು, ಬಾಕ್ಸ್ ಯಾಕೆ ಅಂತ. ಒಂದು ತುದಿ ಫೋನಿಗೆ, ಇನ್ನೊಂದು ಎಲ್ಲ ಸದ್ದು ಸೇರಿಸುವ ಮಿಕ್ಸರಿನ ಮೈಕ್ ತೂತಿಗೆ ಸರಿಯಾಗಿ ಕೂತವು. ನಾನೂ ಸುಮ್ನಾದೆ.

ಮಕ್ಕಳ ಡ್ಯಾನ್ಸಿನ ಹಾಡು ಟೀಚರ ಫೋನಿನಲ್ಲೇ ಇತ್ತು. ಹಳೆ ಫೋನು, ಇನ್ನೂ ಹೆಡ್‌ಫೋನ್ ತೂತು ಇತ್ತು. ಸೌಂಡ್ ಚೆಕ್‌ಗೆ ಹತ್ತು ಸೆಕೆಂಡ್ ಬಾರಿಸಿದೆ. ಶುರುವಿಗೆ ಬರೀ ಕೊಳಲು, ಪಿಟೀಲು. ಸ್ವಲ್ಪ ತೆಳ್ಳಗೆ ಕೇಳಿಸಿತು. ಹಾಲ್ ಖಾಲಿ ಇದೆಯಲ್ಲ, ಜನ ತುಂಬಿದರೆ ಸರಿಯಾಗುತ್ತೆ ಅಂದುಕೊಂಡು ವಡಾಪಾವ್ ತಿನ್ನಲು ಹೋದೆ.

ಪರದೆ ಸರಿಯಿತು. ಹದಿನಾಲ್ಕು ಹುಡುಗಿಯರು, ಹಳದಿ ಕೆಂಪು ಸೀರೆ, ಕೈ ಮೇಲೆ. ಕೊಳಲು ಮುಗಿದು ಪಲ್ಲವಿ ಬರಬೇಕು. ಬರಲಿಲ್ಲ. ಡೋಲು ಇಲ್ಲ, ಬೇಸ್ ಇಲ್ಲ, ಹಾಡುವವಳೂ ಇಲ್ಲ. ದೂರದ ಬಾವಿಯೊಳಗಿಂದ ಯಾರೋ ಗುನುಗಿದಂತೆ ಅವಳ ಪ್ರತಿಧ್ವನಿ ಮಾತ್ರ. ಸದ್ದಿನ ಫೇಡರ್ ಏರಿಸಿದೆ, ಬಾವಿಯೇ ಜೋರಾಯಿತು.

ಆಗ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ವಿಂಗ್‌ನಲ್ಲಿ ನಿಂತಿದ್ದ ಟೀಚರಿಗೆ ಮೈಕಿನಲ್ಲೇ ಹೇಳಿದೆ: "ಟೀಚರ್, ನೀವು ಕೊಟ್ಟದ್ದು ಕರೋಕೆ ಟ್ರ್ಯಾಕ್." ಇಡೀ ಹಾಲ್ ಕೇಳಿತು. ಅವರ ಮುಖ ಸಣ್ಣಗಾಯಿತು.

ಪಿನ್ ತೆಗೆದು ನನ್ನ ಹೆಡ್‌ಫೋನ್ ಚುಚ್ಚಿದೆ. ಹಾಡುಗಾರ್ತಿ ಕಿವಿಯೊಳಗೆ ಸ್ಪಷ್ಟವಾಗಿ ಹಾಡುತ್ತಿದ್ದಾಳೆ! ಹಾಗಾದರೆ ಎಡ ಬಲದ ಗಲಾಟೆ, ಎರಡನ್ನೂ ಸೇರಿಸಿದರೆ ಆಯಿತು ಅಂತ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಮೋನೊ ಆಡಿಯೊ ಆನ್ ಮಾಡಿ ಮತ್ತೆ ಕೇಬಲ್ ಹಾಕಿದೆ. ಬಾವಿಯೂ ಹೋಯಿತು. ಪೂರ್ತಿ ಮೌನ. ಹುಡುಗಿಯರ ಕೈ ಇನ್ನೂ ಮೇಲೇ. ಮುಂದಿನ ಸಾಲಿನ ಹಿರಿಯರೊಬ್ಬರು, "ಎಂತ ಮಾರಾಯ, ಕರೆಂಟಿಗೂ ರಜೆಯಾ?" ಅಂದರು. ನಗು ಹಿಂದಿನ ಸಾಲಿನವರೆಗೂ ಹೋಯಿತು.

ಸಿಟ್ಟಿನಲ್ಲಿ ಪಿನ್ ಎಳೆದೆ. ಅರ್ಧ ಹೊರಗೆ ಬಂದಾಗ ಹಾಡುಗಾರ್ತಿ ಒಮ್ಮೆ ಕಿರುಚಿದಳು. ಅಷ್ಟರಲ್ಲಿ ತಲೆಗೆ ಹೊಳೆಯಿತು.

ಆ ಕೇಬಲ್ ಎಡವನ್ನು 2ನೇ ಪಿನ್ನಿಗೆ, ಬಲವನ್ನು 3ನೇ ಪಿನ್ನಿಗೆ ಕೊಟ್ಟಿತ್ತು. ಮಿಕ್ಸರಿನ ಮೈಕ್ ಇನ್‌ಪುಟ್ ಅವೆರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಮೈಕ್ ಸಿಗ್ನಲ್ ಒಂದರಲ್ಲಿ ನೇರ, ಇನ್ನೊಂದರಲ್ಲಿ ತಿರುಗುಮುರುಗಾಗಿ ಬರುತ್ತದೆ, ದಾರಿಯಲ್ಲಿ ಎರಡಕ್ಕೂ ಒಂದೇ ಥರ ಅಂಟಿದ ಗುಂಯ್ ಸದ್ದು ಅಳಿಸಿಹೋಗುತ್ತದೆ. ಆದರೆ ಹಾಡಿನಲ್ಲಿ ಕಂಠ, ಬೇಸ್, ಡೋಲು ಮಧ್ಯದಲ್ಲಿರುತ್ತವೆ. ಅಂದರೆ ಎಡ ಬಲ ಎರಡರಲ್ಲೂ ಒಂದೇ ಸಮ. ಮಿಕ್ಸರ್ ಪಾಲಿಗೆ ಅದೂ ಗುಂಯ್ ಸದ್ದೇ, ಅಳಿಸಿಬಿಟ್ಟಿತು. ಮೋನೊ ಮಾಡಿದ ಮೇಲೆ ಎರಡೂ ಕಡೆ ಪೂರ್ತಿ ಒಂದೇ ಆಯಿತಲ್ಲ, ವ್ಯತ್ಯಾಸ ಸೊನ್ನೆ. ನಾನೇ ನನ್ನ ಕೈಯಾರೆ ಹಾಡನ್ನು ಕೊಂದಿದ್ದೆ.

ಮೋನೊ ಹಾಗೇ ಇಟ್ಟು, ಅದರ ಕೆಳಗಿದ್ದ ಆಡಿಯೊ ಬ್ಯಾಲೆನ್ಸ್ ಪಟ್ಟಿಯನ್ನು ಪೂರ್ತಿ ಎಡಕ್ಕೆ ಎಳೆದೆ. ಬಲ ಸತ್ತಿತು, ಕಂಠ ಬಂತು, ಡೋಲು ಬಂತು. ಹುಡುಗಿಯರು ಮೊದಲಿನಿಂದ ಕುಣಿದರು. ಎಲ್ಲ ಸೇರಿ ನಾಲ್ಕು ನಿಮಿಷ ಹೋಗಿರಬಹುದು, ನನಗೆ ನಾಲ್ಕು ಲೋಕಲ್ ರೈಲು ತಪ್ಪಿದಷ್ಟು ಉದ್ದ.

ಅದೃಷ್ಟ ಇನ್ನೊಂದು ಕಡೆ ಇತ್ತು. ಆ ಮಿಕ್ಸರಿನಲ್ಲಿ ಫ್ಯಾಂಟಮ್‌ಗೆ, ಅಂದರೆ ಕೇಬಲ್ಲಿನಲ್ಲೇ ಮೈಕಿಗೆ ಕಳಿಸುವ ಕರೆಂಟಿಗೆ, ಎಲ್ಲ ಮೈಕಿಗೂ ಸೇರಿ ಒಂದೇ ಸ್ವಿಚ್. ಅವತ್ತು ಆ ಕರೆಂಟ್ ಬೇಕಾಗುವ ಕಂಡೆನ್ಸರ್ ಮೈಕ್ ಇಡದ್ದರಿಂದ ಅದು ಆಫ್ ಇತ್ತು. ಇಲ್ಲದಿದ್ದರೆ ಅದೇ ಕೇಬಲ್ ಹಿಡಿದು 48 ವೋಲ್ಟ್ ಟೀಚರ ಫೋನಿನ ಕಡೆಗೆ ಹೊರಡುತ್ತಿತ್ತು.

ಮರುದಿನ ಕೇಬಲ್ ಕತ್ತರಿಸಿದೆ. ಎಡಕ್ಕೊಂದು ಬಲಕ್ಕೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಎರಡನ್ನೂ 2ನೇ ಪಿನ್ನಿಗೆ ಸೇರಿಸಿ, 3ನ್ನು ಗ್ರೌಂಡ್ ಪಿನ್ನಾದ 1ಕ್ಕೆ ಕಟ್ಟಿ ಬೆಸುಗೆ ಹಾಕಿದೆ. ಈಗ ಎರಡೂ ಕಡೆಯ ಹಾಡು ಬರುತ್ತದೆ. ಹೊಸ ಮಾಲು ಯಾಕೆ ಕತ್ತರಿಸಿದೆ ಅಂತ ಸೇಠ್‌ಜಿ ಕೂಗಾಡಿದರು. ಎರಡನೇ ಡಿಐ ಬಾಕ್ಸ್ ಇವತ್ತಿಗೂ "ಅಗಲೇ ಮಹೀನೆ", ಅಂದರೆ ಮುಂದಿನ ತಿಂಗಳು, ಬರಲಿದೆ. ಈಗ ಟ್ರ್ಯಾಕ್ ಚೆಕ್ ಮಾಡುವಾಗ ಪಲ್ಲವಿ ಬರೋ ತನಕ ಕೂತಿರುತ್ತೇನೆ, ವಡಾಪಾವ್ ತಣ್ಣಗಾದರೂ ಸರಿ.

ಟೀಚರ್ ಹತ್ತಿರ ಅವತ್ತು ಕ್ಷಮೆ ಕೇಳಿದ್ದು ಮೈಕ್ ಇಲ್ಲದೆ, ಚಪ್ಪಲಿ ಬಿಡುವ ಜಾಗದಲ್ಲಿ. ಅವರು ನಕ್ಕು ಸುಮ್ಮನಾದರು ಅಂದುಕೊಂಡಿದ್ದೆ. ಮುಂದಿನ ವರ್ಷ ಪೆನ್‌ಡ್ರೈವ್ ಕೊಟ್ಟರು. ಮೇಲೆ ಒಂದು ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಇದು ಕರೋಕೆ ಅಲ್ಲ."